ಬುದ್ಧಿ ಹೇಳದ ಒಂದೂವರೆ ಗಂಟೆ

ತಿಂಗಳ ಎರಡನೇ ಶನಿವಾರ ಸರಕಾರಿ ನೌಕರರಿಗೆ ರಜೆ. ನಾನು ನಡೆಸುವ ಪೋಷಕರ ಗುಂಪು ಆ ದಿನವೇ ಸೇರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವೇನಿಲ್ಲ. ಹನ್ನೊಂದಕ್ಕೆ ಶುರು, ಹನ್ನೆರಡೂವರೆಗೆ ಮುಗಿಯಲೇಬೇಕು. ತಾಲ್ಲೂಕಿನ ಕಡೆಯಿಂದ ಬಂದವರಿಗೆ ಒಂದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಮೂರಕ್ಕೇ. ಆಟಿಸಂ, ಗಮನ ನಿಲ್ಲದೆ ಚಡಪಡಿಸುವ ಎಡಿಎಚ್‌ಡಿ, ಕಲಿಕಾ ನ್ಯೂನತೆ ಇರುವ ಮಕ್ಕಳ ಅಮ್ಮಂದಿರು ಬರುತ್ತಾರೆ, ಜೊತೆಗೆ ಒಬ್ಬಿಬ್ಬರು ಅಜ್ಜಿಯರು. ಅಪ್ಪಂದಿರು ಸಾಮಾನ್ಯವಾಗಿ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ.

ಗುಂಪಿನಲ್ಲಿ ನಾನು ಹಟ ಹಿಡಿಯುವುದು ಒಂದೇ ನಿಯಮಕ್ಕೆ: ಯಾರೂ ಯಾರಿಗೂ ಬುದ್ಧಿ ಹೇಳಬಾರದು. ಕೇಳಲು ಸುಲಭ, ಪಾಲಿಸುವುದು ಮಹಾ ಕಷ್ಟ. ನಮ್ಮಲ್ಲಿ ಯಾರಾದರೂ ಕಷ್ಟ ಹೇಳಿಕೊಂಡರೆ ‘ನಾನೊಂದು ಮಾತು ಹೇಳ್ತೀನಿ ಕೇಳಿ’ ಎನ್ನುವುದೇ ಪ್ರೀತಿಯ ಲಕ್ಷಣ. ಮಾತು ಬಾರದ ಮಗುವಿನ ತಾಯಿ ಅಷ್ಟು ಹೊತ್ತಿಗೆ ಅತ್ತೆಯಿಂದ, ನಾದಿನಿಯಿಂದ, ಅಂಗನವಾಡಿಯಿಂದ, ಪಕ್ಕದ ಮನೆಯಿಂದ ನೂರು ಬುದ್ಧಿಮಾತು ಕೇಳಿರುತ್ತಾಳೆ. ನಾಲಗೆಗೆ ಬಜೆ ತೇಯ್ದು ಹಚ್ಚಿ, ಟಿವಿ ಬಂದ್ ಮಾಡಿ, ಇನ್ನೊಂದು ಮಗು ಮಾಡ್ಕೊಳ್ಳಿ. ನೂರಾ ಒಂದನೆಯದಕ್ಕೆ ಅವಳು ಬಸ್ಸು ಹತ್ತಿ ಬರಬೇಕಿಲ್ಲ.

ಹಾಗಾದರೆ ಏನು ಮಾತಾಡಬೇಕು? ‘ನೀವು ಹೀಗೆ ಮಾಡಿ’ ಎನ್ನುವ ಬದಲು ‘ನಮ್ಮ ಮನೇಲಿ ಹೀಗಾಯ್ತು’ ಅಂತ. ಎರಡಕ್ಕೂ ಇರುವ ಅಂತರ ಮೊದಲ ಸಭೆಯಲ್ಲೇ ಗೊತ್ತಾಗುತ್ತದೆ. ಒಮ್ಮೆ ಒಬ್ಬ ತಾಯಿ, ಮದುವೆ ಮನೆಗೆ ಹೋಗುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು ಎಂದರು. ವಾಲಗದ ಸದ್ದಿಗೆ ಮಗ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ಜನ ಮಗನನ್ನು ಬಿಟ್ಟು ತನ್ನನ್ನೇ ನೋಡುತ್ತಾರೆ. ಎದುರಿಗಿದ್ದ ಅಜ್ಜಿ ತಲೆ ಎತ್ತದೆ, ‘ನಾವು ಊಟದ ಹೊತ್ತಿಗೆ ಹೋಗಿ ಮುಯ್ಯಿ ಕೊಟ್ಟು ಬರ್ತೀವಮ್ಮ, ವಾಲಗದವರು ಆವಾಗ ಉಣ್ಣೋಕೆ ಕೂತಿರ್ತಾರೆ’ ಎಂದರು. ಎಲ್ಲರೂ ನಕ್ಕರು. ಚಿಕಿತ್ಸಕಿಯಾಗಿ ನನ್ನ ಹದಿನಾಲ್ಕು ವರ್ಷದ ವೃತ್ತಿಯಲ್ಲಿ ಈ ಉಪಾಯ ನನಗೆ ಹೊಳೆದಿರಲಿಲ್ಲ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆ ದಿನ ಹಗುರಾದದ್ದು ಮದುವೆ ಮನೆಯ ತಾಯಿಯ ಮನಸ್ಸು ಮಾತ್ರವಲ್ಲ. ವರ್ಷಗಟ್ಟಲೆ ಬರೀ ಸಹಾಯ ಕೇಳುತ್ತಲೇ ಇದ್ದ ಅಜ್ಜಿ ಮೊದಲ ಸಲ ಇನ್ನೊಬ್ಬರ ಉಪಯೋಗಕ್ಕೆ ಬಂದಿದ್ದರು. ಮನೋವೈದ್ಯ ಇರ್ವಿನ್ ಯಾಲೊಮ್ ಗುಂಪಿನಲ್ಲಿ ವಾಸಿಮಾಡುವ ಅಂಶಗಳನ್ನು ಪಟ್ಟಿ ಮಾಡಿದಾಗ, ‘ನನಗೊಬ್ಬಳಿಗೇ ಅಲ್ಲ’ ಎಂಬ ಅರಿವಿನ ಜೊತೆಗೆ ‘ನಾನೂ ಕೊಡಬಲ್ಲೆ’ ಎಂಬುದನ್ನೂ ಸೇರಿಸಿದ್ದರು. ನನಗೆ ಎರಡನೆಯದೇ ದೊಡ್ಡದೆನಿಸುತ್ತದೆ. ನಮ್ಮ ದೇಶಕ್ಕೂ ಇದು ಹೊಸದಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡು, ಎಲ್ಲರನ್ನೂ ಕೂರಿಸಿ ಮಾತಾಡುತ್ತಿದ್ದರು.

ಇನ್ನು ಕಾಗದ ಪತ್ರದ ವಿಷಯ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಹದಿನೆಂಟು ತುಂಬಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕತ್ವಕ್ಕೆ ಅರ್ಜಿ: ಇವನ್ನೆಲ್ಲ ನನಗಿಂತ ಚೆನ್ನಾಗಿ ವಿವರಿಸುವ ತಾಯಂದಿರು ಗುಂಪಿನಲ್ಲಿದ್ದಾರೆ. ಯಾವ ಟೇಬಲ್ಲಿಗೆ ಯಾವ ದಿನ ಹೋಗಬೇಕು ಎಂಬುದು ಅವರಿಗೆ ಬಾಯಿಪಾಠ. ಆದರೆ ವಾಟ್ಸ್ಆ್ಯಪ್ ಗುಂಪಿನ ಬಗ್ಗೆ ನನಗೆ ತಕರಾರಿದೆ. ಎರಡೇ ತಿಂಗಳಿಗೆ ಅಲ್ಲಿ ಶುಭೋದಯದ ಹೂವು ತುಂಬಿಕೊಳ್ಳುತ್ತವೆ, ಮೂರನೇ ತಿಂಗಳಿಗೆ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಲ್ಲಿ ಆಟಿಸಂಗೆ ಆ ಚಿಕಿತ್ಸೆಗೆ ಒಪ್ಪಿಗೆಯಿಲ್ಲ. ಜಮೀನು ಅಡವಿಟ್ಟು ಅದರ ಹಿಂದೆ ಹೋಗಬೇಡಿ.

ಮಕ್ಕಳ ಗುಂಪು ಚಿಕಿತ್ಸೆಯದು ಬೇರೆಯೇ ಲೋಕ. ‘ಎಲ್ಲರೂ ಕೂತು ಮಾತಾಡ್ತಾರಾ ಮೇಡಂ?’ ಎಂದು ಕೇಳುವ ಪೋಷಕರಿಗೆ ಒಳಗೆ ನಡೆಯುವ ಕೇರಂ ಆಟ ಕಂಡರೆ ಕೊಟ್ಟ ಫೀಸು ದಂಡವಾಯಿತು ಅನಿಸುತ್ತದೆ. ನ್ಯೂಯಾರ್ಕಿನಲ್ಲಿ ಗುಂಪು ಚಿಕಿತ್ಸಕ ಸ್ಯಾಮ್ಯುಯೆಲ್ ಸ್ಲಾವ್ಸನ್ 1934ರಲ್ಲಿ ಮಕ್ಕಳ ಗುಂಪು ಶುರುಮಾಡಿದಾಗಲೂ ಮಾತಿಗಿಂತ ಕೈಕೆಲಸವೇ ಮುಂದಿತ್ತು. ಎಂಟು ವರ್ಷದ ಹುಡುಗ ‘ನನಗೆ ಕೋಪ ತಡೆಯಲಾಗದು’ ಎಂದು ಹೇಳುವುದಿಲ್ಲ, ಸ್ಟ್ರೈಕರ್ ಎಸೆಯುತ್ತಾನೆ. ಎಸೆದ ಮರುಕ್ಷಣ ಉಳಿದ ಐವರ ಮುಖ ಹೇಗಾಯಿತು ಎಂದು ಅವನಿಗೆ ತೋರಿಸುವುದು, ಮತ್ತೆ ಆಟಕ್ಕೆ ಸೇರಿಕೊಳ್ಳುವ ದಾರಿ ಹುಡುಕಿಕೊಡುವುದು: ಚಿಕಿತ್ಸೆ ಇರುವುದು ಅಲ್ಲಿ. ನನ್ನೆದುರು ಒಬ್ಬನೇ ಕೂತಾಗ ಇವನಷ್ಟು ವಿನಯವಂತ ಇನ್ನೊಬ್ಬನಿಲ್ಲ.

ಆರರಿಂದ ಎಂಟು ಮಕ್ಕಳು, ವಯಸ್ಸಿನ ಅಂತರ ಎರಡು ವರ್ಷ ಮೀರದಂತೆ, ನಡೆಸುವವರು ಇಬ್ಬರು. ಇದಕ್ಕಿಂತ ಮುಖ್ಯವಾದದ್ದು ಯಾರ ಜೊತೆ ಯಾರನ್ನು ಕೂರಿಸುತ್ತೇವೆ ಎಂಬುದು. ಹೊಡೆದಾಟ, ಕಳ್ಳತನದ ದೂರಿರುವ ಹದಿಹರೆಯದ ಹುಡುಗರನ್ನಷ್ಟೇ ಒಟ್ಟುಹಾಕಿದರೆ ಕೆಲವೊಮ್ಮೆ ಒಬ್ಬರಿಂದೊಬ್ಬರು ಕಲಿತು ಇನ್ನಷ್ಟು ಕೆಡುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಡಿಷಿಯನ್ ಮತ್ತು ಸಂಗಡಿಗರು 1999ರಲ್ಲೇ ಎಚ್ಚರಿಸಿದ್ದರು. ಒಬ್ಬ ತನ್ನ ಸಾಹಸ ಹೇಳಿದ ಕೂಡಲೇ ಉಳಿದವರು ನಗುತ್ತಾರೆ, ಆ ನಗುವೇ ಬಹುಮಾನ. ಶಾಲೆಯೊಂದು ‘ನಮ್ಮ ತಂಟೆಕೋರರನ್ನೆಲ್ಲ ಒಂದೇ ಬ್ಯಾಚ್ ಮಾಡಿ ಕಳಿಸ್ತೀವಿ’ ಅಂದಾಗ ನಾನು ಕೈಮುಗಿದೆ.

ಹದಿಹರೆಯದವರ ಗುಂಪಿನ ಬಾಗಿಲಲ್ಲಿ ಪ್ರತಿವಾರ ಪೋಷಕರಿಂದ ಎದುರಾಗುವ ಪ್ರಶ್ನೆ, ‘ನಮ್ಮ ಬಗ್ಗೆ ಏನಂದಳು?’ ನಾನು ಹೇಳುವುದಿಲ್ಲ. ಹಾಗಂತ ಎಲ್ಲವೂ ಗುಟ್ಟಲ್ಲ. ಜೀವಕ್ಕೆ ಅಪಾಯವಿದ್ದರೆ ಮನೆಯವರಿಗೆ ತಿಳಿಸುತ್ತೇನೆ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು. ಇವೆರಡನ್ನೂ ಮಕ್ಕಳಿಗೆ ಮೊದಲ ದಿನವೇ ಹೇಳಿರುತ್ತೇನೆ. ಸಣ್ಣ ಊರಿನಲ್ಲಿ ಇನ್ನೊಂದು ತೊಡಕು: ಗುಂಪಿಗೆ ಬಂದ ಇಬ್ಬರು ಒಂದೇ ಟ್ಯೂಷನ್ನಿನವರಾಗಿರುತ್ತಾರೆ. ಹಾಗಾಗಿ ಸೇರಿಸುವ ಮುಂಚೆ ಪ್ರತಿಯೊಬ್ಬರನ್ನೂ ಬೇರೆಯಾಗಿ ಕಂಡು, ಯಾವ ಶಾಲೆ, ಯಾವ ಬೀದಿ ಎಂದು ಕೇಳಿಕೊಳ್ಳುತ್ತೇನೆ.

ಸಾಯುವ ಮಾತಾಡುತ್ತಿರುವ ಮಗುವಿಗೆ ಗುಂಪು ಮೊದಲ ಮೆಟ್ಟಿಲಲ್ಲ. ಮೊದಲು ಮನೋವೈದ್ಯರನ್ನು ಕಾಣಬೇಕು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಹೊರಗೆ ಬೈಕಿನ ಮೇಲಿದ್ದವರ ಕಥೆ ಬಾಕಿ ಉಳಿಯಿತು. ಕಳೆದ ಮಳೆಗಾಲದಲ್ಲಿ ಮೂವರು ನೆನೆಯಲಾರದೆ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಇಬ್ಬರು ಮಳೆ ನಿಂತ ಕೂಡಲೇ ಹೋದರು. ಇನ್ನೊಬ್ಬರು ಮುಂದಿನ ತಿಂಗಳು ಬಿಸಿಲಲ್ಲೂ ಬಂದು, ‘ಕುರ್ಚಿ ಇದೆಯಾ ಮೇಡಂ?’ ಎಂದರು.