ಕಾದ ಕಬ್ಬಿಣ ಹಿಡಿದರೂ ಸಿಗದ ಸಿಂಹಾಸನ

ನಾರ್ವೆಯ ಬ್ಯೋರ್ನ್‌ಸ್ಟ್ಯೆರ್ನೆ ಬ್ಯೋರ್ನ್‌ಸನ್ 1862ರಲ್ಲಿ ‘ಸಿಗುರ್ಡ್ ಸ್ಲೆಂಬೆ’ ಎಂಬ ಮೂರು ನಾಟಕಗಳ ಸರಣಿ ಹೊರತಂದರು. ಅದರ ನಾಯಕ ಚರಿತ್ರೆಯಲ್ಲಿ ರಾಜನೊಬ್ಬನನ್ನು ಮಲಗಿದ್ದಲ್ಲೇ ಕೊಂದವನು. ಅಂಥವನ ಮೇಲೆ ನಾಟಕಕಾರನಿಗೆ ಅಷ್ಟೊಂದು ಮರುಕ ಯಾಕೆ?

ಹನ್ನೆರಡನೇ ಶತಮಾನದ ನಾರ್ವೆಯಲ್ಲಿ ರಾಜನಿಗೆ ಯಾರಲ್ಲಿ ಹುಟ್ಟಿದ ಮಗನಾದರೂ ಸಿಂಹಾಸನ ಕೇಳಬಹುದಿತ್ತು. ಮದುವೆಯ ಪ್ರಶ್ನೆಯೇ ಇರಲಿಲ್ಲ. ‘ಬರಿಗಾಲ’ ಎಂದೇ ಹೆಸರಾದ ದೊರೆ ಮಗ್ನುಸ್ 1103ರಲ್ಲಿ ಐರ್ಲೆಂಡ್‌ನಲ್ಲಿ ಸತ್ತ. ಎಷ್ಟೋ ವರ್ಷಗಳ ಮೇಲೆ ಹರಾಲ್ಡ್ ಗಿಲ್ಲೆ ಎಂಬವನು ಅಲ್ಲಿಂದ ಬಂದು, ‘ನಾನು ಮಗ್ನುಸನ ಮಗ’ ಎಂದ. ಮಾತು ನಿಜವೆನ್ನಲು ಕಾದ ನೇಗಿಲ ಗುಳಗಳ ಮೇಲೆ ನಡೆದು ತೋರಿಸಿದ. ಜನ ಒಪ್ಪಿದರು. 1130ರಲ್ಲಿ ಅವನು ರಾಜನಾದ. ಐದು ವರ್ಷಕ್ಕೆ ಜೊತೆಯ ರಾಜನ ಕಣ್ಣು ಕೀಳಿಸಿ ಒಬ್ಬನೇ ಆಳತೊಡಗಿದ.

ಪಾದ್ರಿಯ ಮನೆಯಲ್ಲಿ ಬೆಳೆದ ಸಿಗುರ್ಡ್ ಹೇಳಿದ್ದೂ ಅದನ್ನೇ, ತಾನು ಮಗ್ನುಸನ ಮಗ ಎಂದು. ಡೆನ್ಮಾರ್ಕ್‌ನಲ್ಲಿ ಐವರು ಬಿಷಪ್‌ಗಳ ಮುಂದೆ ಕಾದ ಕಬ್ಬಿಣ ಹಿಡಿದು ಗೆದ್ದನೆಂದು ಹಳೆಯ ಸಾಗಾ ಕಥನಗಳು ಹೇಳುತ್ತವೆ. ಹರಾಲ್ಡನ ಕಡೆಯವರು ‘ಅದೆಲ್ಲ ಡೇನರ ಸುಳ್ಳು’ ಎಂದು ತಳ್ಳಿಹಾಕಿದರು. ಒಬ್ಬನಿಗೆ ಸಾಕಾದ ಸಾಕ್ಷಿ ಇನ್ನೊಬ್ಬನಿಗೆ ಯಾಕೆ ಸಾಲಲಿಲ್ಲ? ನನಗೆ ಇಡೀ ಕಥೆಯ ಗಂಟು ಇಲ್ಲೇ ಇದೆ ಅನಿಸುತ್ತದೆ. ಅವನನ್ನು ಮುಗಿಸಲೂ ನೋಡಿದರು. ದೋಣಿಯಲ್ಲಿ ಕಾವಲಿಗಿದ್ದ ಇಬ್ಬರನ್ನು ಎಳೆದುಕೊಂಡೇ ಸಿಗುರ್ಡ್ ನೀರಿಗೆ ಹಾರಿ ಪಾರಾದ.

1136ರಲ್ಲಿ ಬರ್ಗೆನ್‌ನಲ್ಲಿ ಹರಾಲ್ಡನನ್ನು ಕೊಂದ. ಆದರೆ ಸೋದರನೆಂದು ತಾನೇ ಹೇಳಿಕೊಂಡವನನ್ನು ಕೊಂದವನು ಜನಕ್ಕೆ ಬೇಡವಾದ. ಅವರು ಹರಾಲ್ಡನ ಎಳೆಯ ಮಕ್ಕಳನ್ನೇ ರಾಜರನ್ನಾಗಿ ಮಾಡಿದರು. ಸಿಗುರ್ಡ್ ಕುರುಡಾಗಿದ್ದ ಆ ಹಳೆಯ ರಾಜನನ್ನು ಕೂಡಿಕೊಂಡು ಹೋರಾಡಿದ. 1139ರಲ್ಲಿ ಹೊಲ್ಮೆಂಗ್ರೊ ಕಾಳಗದಲ್ಲಿ ಸೋತು ಸಿಕ್ಕಿಬಿದ್ದ. ಚಿತ್ರಹಿಂಸೆ ಕೊಟ್ಟು ಕೊಲ್ಲುವಾಗ ಅವನು ಕೀರ್ತನೆಗಳನ್ನು ಹಾಡುತ್ತಿದ್ದನಂತೆ.

ಬ್ಯೋರ್ನ್‌ಸನ್ ಕಂಡದ್ದು ಈ ಮನುಷ್ಯನನ್ನು. ಹುಟ್ಟಿನ ಗುಟ್ಟು ತಿಳಿದ ದಿನದಿಂದ ನೆಲೆಯಿಲ್ಲದೆ ಅಲೆದವನು, ನ್ಯಾಯವಾದದ್ದನ್ನು ಕೇಳಿ ಅನ್ಯಾಯಕ್ಕೆ ಇಳಿದವನು. ಬರೆಯುವಾಗ ನಾರ್ವೆಗೂ ತನ್ನದೇ ರಾಜನಿರಲಿಲ್ಲ ಅಲ್ವಾ? 1814ರವರೆಗೆ ಡೆನ್ಮಾರ್ಕ್ ಜೊತೆ, ಆಮೇಲೆ 1905ರವರೆಗೆ ಸ್ವೀಡನ್ ದೊರೆಯ ಕೆಳಗೆ. ತನ್ನದೆನ್ನುವ ರಾಜರ ಕಥೆಗೆ ನಾಡು ಹಳೆಯ ಕಾಲಕ್ಕೇ ಹೋಗಬೇಕಿತ್ತು.

ಬ್ಯೋರ್ನ್‌ಸನ್ ನಾಟಕ ಬಂದ ಮರುವರ್ಷವೇ ನಾರ್ವೆಯ ಇನ್ನೊಬ್ಬ ನಾಟಕಕಾರ ಇಬ್ಸೆನ್ ಕೂಡ ಸಿಂಹಾಸನಕ್ಕಾಗಿ ನಡೆದ ಅದೇ ಅಂತರ್ಯುದ್ಧಗಳ ಕಾಲಕ್ಕೆ ಹೋದರು. ಅವರು ಆರಿಸಿಕೊಂಡದ್ದು ಕೊನೆಯ ಅಧ್ಯಾಯವನ್ನು: ದೊರೆ ಹೊಕೊನ್‌ಗೆ ಎದುರು ನಿಂತು, ತಾನೇ ರಾಜ ಎಂದು ಸಾರಿ 1240ರಲ್ಲಿ ಸತ್ತ ಸ್ಕೂಲೆಯ ಕಥೆ.