ಮನೆ ಸರ್ವರ್‌ಗೆ ಡಿಸ್ಕ್ ಪ್ಲಾನ್: ವಿಎಂ ಒಂದ್ ಕಡೆ, ಸಿನಿಮಾ ಒಂದ್ ಕಡೆ

ಹೋಮ್ ಸರ್ವರ್ ಅಂದ ತಕ್ಷಣ ಎಲ್ರೂ ಕೇಳೋದು ಪ್ರೊಸೆಸರ್ ಯಾವ್ದು ತಗೊಳ್ಳಿ ಅಂತ. ನಾನೂ ಅಲ್ಲಿಂದಾನೇ ಶುರು ಮಾಡ್ದೆ. ಒಂದೂವರೆ ವರ್ಷ ಓಡಿಸಿದ್ಮೇಲೆ ಹೇಳ್ತಿದೀನಿ, ಮೊದ್ಲು ಒಂದು ಹಾಳೆ ತಗೊಂಡು ನಿಮ್ಮ ಹತ್ರ ಏನೇನ್ ಡೇಟಾ ಇದೆ ಅಂತ ಬರ್ಕೊಳ್ಳಿ. ನಂದು ಹೀಗಿತ್ತು, ನಾಲ್ಕೈದು ವಿಎಂ (ಒಂದೇ ಮಷೀನ್ ಒಳಗೆ ಬೇರೆ ಬೇರೆ ಕಂಪ್ಯೂಟರ್ ತರ ಓಡೋ ವರ್ಚುಯಲ್ ಮಷೀನ್) ಸೇರಿ 200 ಜಿಬಿ, ಸಿನಿಮಾ ಹಾಡು ಎಲ್ಲಾ 3 ಟಿಬಿ, ಮನೆಯವ್ರ ಫೋಟೋ ವಿಡಿಯೋ 600 ಜಿಬಿ. ವಿಎಂಗೆ ಜಾಗ ಕಮ್ಮಿ ಸಾಕು ಆದ್ರೆ ಚುರುಕಾಗಿರ್ಬೇಕು, ಸಿನಿಮಾಗೆ ಜಾಗ ಬೇಕು ಸ್ಪೀಡ್ ಅಷ್ಟೇನ್ ಬೇಡ, ಹೋದ್ರೂ ಮನೇಲಿರೋ ಸಿಡಿ ಡಿವಿಡಿಗಳಿಂದ ಮತ್ತೆ ತೆಗ್ಯಬಹುದು, ಫೋಟೋ ಮಾತ್ರ ಹೋದ್ರೆ ಹೋಯ್ತು. ಮೂರಕ್ಕೂ ಮೂರು ತರ ಲೆಕ್ಕ.

ಇದು ಗೊತ್ತಿಲ್ದೆ ನಾನ್ ಮಾಡಿದ ತಪ್ಪು ಏನಂದ್ರೆ ಮೂರು 4 ಟಿಬಿ ಹಾರ್ಡ್ ಡಿಸ್ಕ್ ಹಾಕಿ, ವಿಎಂ ಓಡಿಸೋ ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲ್ ಮಾಡಿ, ಎಲ್ಲಾನೂ ಒಂದೇ ರೇಡ್-ಝೆಡ್1 ಪೂಲ್‌ಗೆ ತುಂಬಿದ್ದು (ಝೆಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ನಲ್ಲಿ, ಒಂದು ಡಿಸ್ಕ್ ಕೆಟ್ರೂ ಡೇಟಾ ಉಳಿಯೋ ತರ ಡಿಸ್ಕ್‌ಗಳನ್ನ ಒಂದು ಗುಂಪು ಮಾಡೋದು). ಒಬ್ಬೊಬ್ಬರೇ ಬಳಸ್ದಾಗ ಚೆನ್ನಾಗೇ ಇತ್ತು. ಸಿನಿಮಾ ತೋರ್ಸೋ ಸಾಫ್ಟ್‌ವೇರ್ ಜೆಲ್ಲಿಫಿನ್‌ನ ಲೈಬ್ರರಿ ಸ್ಕ್ಯಾನ್ ಶುರು ಆಯ್ತು ಅಂದ್ರೆ ಮುಗೀತು, ವಿಎಂ ಒಳಗೆ ಫೈಲ್ ಪಟ್ಟಿ ನೋಡೋಕೆ ಎಲ್‌ಎಸ್ ಅಂತ ಹೊಡೆದ್ರೆ ಏಳೆಂಟು ಸೆಕೆಂಡ್ ಉತ್ತರಾನೇ ಬರ್ತಿರ್ಲಿಲ್ಲ. ಮಷೀನ್ ಏನ್ ಮಾಡ್ತಿದೆ ಅಂತ ತೋರ್ಸೋ ಟಾಪ್ ಕಮ್ಯಾಂಡ್ ತೆಗೆದು ನೋಡಿದ್ರೆ ಸಿಪಿಯು ಖಾಲಿ ಕೂತಿದೆ, ಐಓ ವೇಟ್ (ಡಿಸ್ಕ್‌ಗೆ ಕಾಯೋ ಸಮಯ) ಮಾತ್ರ 40 ಪರ್ಸೆಂಟ್ ದಾಟಿದೆ.

ಕಾರಣ ಸಿಂಪಲ್ ಗಣಿತ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಬರೋಕೆ 8.3 ಮಿಲಿಸೆಕೆಂಡ್, ಬೇಕಾದ ಜಾಗ ಹೆಡ್ (ಓದೋ ಬರೆಯೋ ಮುಳ್ಳು) ಕೆಳಗೆ ಬರೋಕೆ ಸರಾಸರಿ ಅದರರ್ಧ, ಅದರ ಮೇಲೆ ಹೆಡ್ ಆ ಟ್ರ್ಯಾಕ್‌ಗೆ (ಡೇಟಾ ಇರೋ ಸುತ್ತಿಗೆ) ಓಡ್ಬೇಕಲ್ಲ ಅದಕ್ಕೆ 8-9 ಮಿಲಿಸೆಕೆಂಡ್. ಒಟ್ಟು 12-13 ಅಂತ ಇಟ್ಕೊಳ್ಳಿ, ಅಂದ್ರೆ ಸೆಕೆಂಡ್‌ಗೆ ಹೆಚ್ಚು ಕಮ್ಮಿ 80 ಸಲ ಮಾತ್ರ ಬೇರೆ ಬೇರೆ ಜಾಗಕ್ಕೆ ಹೋಗಿ ಬರಕ್ಕಾಗತ್ತೆ. ಸಿನಿಮಾ ಫೈಲ್ ಸಾಲಾಗಿ ಬಿದ್ದಿರತ್ತೆ, ಹೆಡ್ ಒಂದೇ ಕಡೆ ಓಡ್ಕೊಂಡ್ ಹೋಗತ್ತೆ, ಅದಕ್ಕೇ ಸೆಕೆಂಡ್‌ಗೆ 150 ಎಂಬಿ ಸ್ಪೀಡ್ ಸಿಗೋದು. ಆದ್ರೆ ವಿಎಂಗಳು ಲಾಗು, ಡೇಟಾಬೇಸು ಅಂತ ಚಿಕ್ಕ ಚಿಕ್ಕ ತುಣುಕನ್ನ ಎಲ್ಲೆಲ್ಲೋ ಬರೀತಾವೆ. ರೇಡ್-ಝೆಡ್‌ನಲ್ಲಿ ಒಂದು ಬ್ಲಾಕ್ ಓದೋಕೂ ಗುಂಪಿನ ಡಿಸ್ಕ್‌ಗಳೆಲ್ಲಾ ಒಟ್ಟಿಗೆ ಕೆಲಸ ಮಾಡ್ಬೇಕು, ಹಾಗಾಗಿ ಮೂರು ಡಿಸ್ಕ್ ಇದ್ರೂ ಈ ತರ ಕೆಲಸಕ್ಕೆ ಸಿಗೋದು ಸುಮಾರು ಒಂದು ಡಿಸ್ಕ್‌ನ ಶಕ್ತಿ ಅಷ್ಟೇ. ಇದೇ ಜಾಗದಲ್ಲಿ ಎಸ್‌ಎಸ್‌ಡಿ ಇದ್ರೆ ಸಾವಿರಗಟ್ಟಲೆ, ಯಾಕಂದ್ರೆ ತಿರುಗೋದೇ ಏನಿಲ್ಲ.

ಈಗ ಇರೋ ವ್ಯವಸ್ಥೆ, ಎರಡು 1 ಟಿಬಿ ಎಸ್‌ಎಸ್‌ಡಿ ಮಿರರ್ (ಎರಡರಲ್ಲೂ ಅದೇ ಡೇಟಾ), ಅದರಲ್ಲಿ ಪ್ರಾಕ್ಸ್‌ಮಾಕ್ಸ್ ಮತ್ತೆ ವಿಎಂಗಳು. ಎರಡು 8 ಟಿಬಿ ಹಾರ್ಡ್ ಡಿಸ್ಕ್ ಇನ್ನೊಂದು ಮಿರರ್, ಅದರಲ್ಲಿ ಸಿನಿಮಾ ಮತ್ತೆ ಫೋಟೋ ಬೇರೆ ಬೇರೆ ಡೇಟಾಸೆಟ್ (ಬೇರೆ ಬೇರೆ ಸೆಟ್ಟಿಂಗ್ ಕೊಡಬಹುದಾದ ಫೋಲ್ಡರ್ ತರ). ಸಿನಿಮಾ ಡೇಟಾಸೆಟ್‌ಗೆ ರೆಕಾರ್ಡ್‌ಸೈಜ್ (ಫೈಲನ್ನ ಎಷ್ಟು ದೊಡ್ಡ ತುಂಡು ಮಾಡಿ ಇಡ್ಬೇಕು ಅನ್ನೋದು) 1 ಎಂಬಿ ಮಾಡಿ, ಡಿಫಾಲ್ಟ್ 128 ಕೆಬಿ ಇರತ್ತೆ, ದೊಡ್ಡ ಫೈಲ್‌ಗೆ ಅದು ಸುಮ್ನೆ ಜಾಸ್ತಿ ಲೆಕ್ಕ ಇಡೋ ಕೆಲಸ. ಮಿರರ್ ಯಾಕೆ, ಅರ್ಧ ಜಾಗ ಹೋಗತ್ತಲ್ಲ ಅಂತ ಕೇಳ್ತೀರ. ಹೌದು ಹೋಗತ್ತೆ, ಆದ್ರೆ ಒಂದು ಡಿಸ್ಕ್ ಕೆಟ್ರೆ ಇನ್ನೊಂದರಿಂದ ನೇರವಾಗಿ ನಕಲು, ಜಾಗ ಸಾಲ್ದೇ ಹೋದ್ರೆ ಎರಡೇ ಡಿಸ್ಕ್ ಬದಲಾಯಿಸಿದ್ರೆ ಸಾಕು. ರೇಡ್-ಝೆಡ್‌ಗೆ ಒಂದೊಂದೇ ಡಿಸ್ಕ್ ಸೇರಿಸೋ ಸೌಲಭ್ಯ ಬಂದಿದ್ದೇ 2025ರ ಜನವರಿಯಲ್ಲಿ, ಓಪನ್‌ಝೆಡ್‌ಎಫ್‌ಎಸ್ 2.3 ಜೊತೆ. ಮತ್ತೆ 8 ಟಿಬಿ ಅಂತ ಡಬ್ಬದ ಮೇಲಿದ್ರೂ ಕಂಪ್ಯೂಟರ್ ತೋರ್ಸೋದು 7.27, ಮೋಸ ಅಲ್ಲ, ಅವ್ರು 1000ದ ಲೆಕ್ಕ ಹಾಕ್ತಾರೆ ಕಂಪ್ಯೂಟರ್ 1024ರ ಲೆಕ್ಕ ಹಾಕತ್ತೆ. ಅದರಲ್ಲೂ 80 ಪರ್ಸೆಂಟ್ ತುಂಬಿದ್ಮೇಲೆ ಇನ್ನೂ ತುರುಕ್ಬೇಡಿ.

ಡಿಸ್ಕ್ ಕೊಳ್ಳೋ ವಿಷ್ಯ ಸ್ವಲ್ಪ ನಿಧಾನವಾಗಿ ಓದಿ. ಹಾರ್ಡ್ ಡಿಸ್ಕ್‌ನಲ್ಲಿ ಎಸ್‌ಎಂಆರ್, ಸಿಎಂಆರ್ ಅಂತ ಎರಡು ಜಾತಿ. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು ಪಕ್ಕಪಕ್ಕ ಬೇರೆ ಬೇರೆ ಇರತ್ತೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ನಮ್ಮ ಹೆಂಚಿನ ಮನೆ ಮಾಡು ಇದ್ದ ಹಾಗೆ ಒಂದರ ಅಂಚು ಇನ್ನೊಂದರ ಮೇಲೆ ಕೂತಿರತ್ತೆ, ಮಧ್ಯದ ಒಂದು ಹೆಂಚು ಬದಲಾಯಿಸ್ಬೇಕು ಅಂದ್ರೆ ಪಕ್ಕದ ಸಾಲನ್ನೆಲ್ಲಾ ಎಬ್ಬಿಸ್ಬೇಕು. ಸುಮ್ನೆ ಫೈಲ್ ತುಂಬಿಡೋಕೆ ಪರವಾಗಿಲ್ಲ, ಆದ್ರೆ ಝೆಡ್‌ಎಫ್‌ಎಸ್‌ನಲ್ಲಿ ಡಿಸ್ಕ್ ಬದಲಾಯಿಸಿ ರೀಸಿಲ್ವರ್ (ಹೊಸ ಡಿಸ್ಕ್‌ಗೆ ಡೇಟಾ ಮತ್ತೆ ತುಂಬೋದು) ಮಾಡೋವಾಗ ನಿಂತೇ ಹೋಗತ್ತೆ. 2020ರಲ್ಲಿ ಇದು ದೊಡ್ಡ ಗಲಾಟೆ ಆಗಿ ವೆಸ್ಟರ್ನ್ ಡಿಜಿಟಲ್‌ನವ್ರು ನಾಸ್‌ಗೆ (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚೋ ಪೆಟ್ಟಿಗೆಗೆ) ಅಂತ ಮಾರ್ತಿದ್ದ ರೆಡ್ ಡಿಸ್ಕ್‌ಗಳಲ್ಲಿ ಕೆಲವು ಎಸ್‌ಎಂಆರ್ ಅಂತ ಒಪ್ಕೊಂಡ್ರು, ಆಮೇಲೆ ಸಿಎಂಆರ್ ಇರೋದನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದ್ರು. ಬೆಂಗಳೂರಲ್ಲಿ ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡ್‌ಗೆ ಹೋಗೋ ಮುಂಚೆ ಮಾಡೆಲ್ ನಂಬರ್ ಬರ್ಕೊಂಡ್ ಹೋಗಿ, ಲೇಬಲ್ ಮೇಲೆ ಕೊನೆ ನಾಲ್ಕು ಅಕ್ಷರದ ತನಕ ಹೊಂದಿಸಿ ನೋಡಿ.

ಅಲ್ಲೇ ಒಂದ್ ಅಂಗಡೀಲಿ ನಂಗೆ ಹೊಸದು ಅಂತ ಕೊಟ್ಟ ಡಿಸ್ಕ್‌ನ ಮನೆಗ್ ತಂದು, ಡಿಸ್ಕ್‌ನ ಆರೋಗ್ಯ ತೋರ್ಸೋ ಸ್ಮಾರ್ಟ್‌ಸಿಟಿಎಲ್ ಹಾಕಿ ನೋಡ್ದೆ. ಐಡಿ 9 ಅಂತಿರೋ ಸಾಲು, ಪವರ್ ಆನ್ ಅವರ್ಸ್ (ಓಡಿದ ಗಂಟೆ), 21,480. ಅಂದ್ರೆ 895 ದಿನ ಹಗಲೂ ರಾತ್ರಿ ಎಲ್ಲೋ ಓಡಿದೆ. ಕವರ್ ಹೊಸದು, ಸ್ಕ್ರೂ ತೂತಿನ ಹತ್ರ ಗೀರು. ವಾಪಸ್ ಹೋದಾಗ "ಸಾರ್, ಚೆನ್ನಾಗ್ ಓಡತ್ತಲ್ಲ ಸಾರ್" ಅಂದ್ರು, ಪ್ರಿಂಟ್ ತೋರಿಸಿದ್ಮೇಲೆ ಬದಲಾಯಿಸ್ಕೊಟ್ರು. ಈಗ ಅಂಗಡೀಲೇ ಹಾಕಿ ತೋರ್ಸಿ ಅಂತೀನಿ. ಕೆಟ್ಟ ಜಾಗ ಎಣಿಸೋ ಐಡಿ 5 ಮತ್ತೆ 197 ಸೊನ್ನೆ ಇರ್ಬೇಕು, ಕೇಬಲ್‌ನಲ್ಲಿ ಬರೋ ತಪ್ಪು ಎಣಿಸೋ 199 ಏರ್ತಿದ್ರೆ ಡಿಸ್ಕ್‌ಗಿಂತ ಮೊದ್ಲು ಸಾಟಾ ಕೇಬಲ್ ಬದಲಾಯಿಸಿ.

ರ‍್ಯಾಮ್ ಬಗ್ಗೆ, ಝೆಡ್‌ಎಫ್‌ಎಸ್‌ಗೆ ಡಿಸ್ಕ್‌ನ ಪ್ರತಿ ಟಿಬಿಗೂ 1 ಜಿಬಿ ಬೇಕೇ ಬೇಕು ಅಂತ ಹೇಳೋದನ್ನ ಮನೇಲಿ ತಲೆಗ್ ಹಚ್ಕೋಬೇಡಿ, ಡಿಡ್ಯೂಪ್ (ಒಂದೇ ತರದ ಡೇಟಾನ ಒಂದೇ ಸಲ ಇಡೋದು) ಆನ್ ಮಾಡ್ಬೇಡಿ ಅಷ್ಟೇ. ಖಾಲಿ ರ‍್ಯಾಮನ್ನ ಝೆಡ್‌ಎಫ್‌ಎಸ್ ಕ್ಯಾಶ್‌ಗೆ ಬಳಸ್ಕೊಳತ್ತೆ, ವಿಎಂಗಳಿಗೆ ಕಮ್ಮಿ ಬೀಳ್ಬಾರ್ದು ಅಂದ್ರೆ ಅದಕ್ಕೊಂದು ಮಿತಿ ಹಾಕಿ. ನಾನು 32 ಜಿಬೀಲಿ 6 ಅದಕ್ಕೆ ಬಿಟ್ಟಿದೀನಿ.

ಪ್ರೊಸೆಸರ್‌ಗೆ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್, ಐ5 8500, ಆರು ಕೋರ್, ಸಾಕು. ಸಿನಿಮಾ ಟ್ರಾನ್ಸ್‌ಕೋಡ್ ಆಗೋದು (ಟಿವಿ ಫೋನ್‌ಗೆ ಹೊಂದೋ ರೂಪಕ್ಕೆ ಬದಲಾಗೋದು) ಇಂಟೆಲ್ ಗ್ರಾಫಿಕ್ಸ್‌ನ ಕ್ವಿಕ್ ಸಿಂಕ್‌ನಲ್ಲಿ, ಅದು 7ನೇ ಪೀಳಿಗೆಯಿಂದ 10 ಬಿಟ್ ಹೆಚ್‌ಇವಿಸಿ ವಿಡಿಯೋನೂ ತಿನ್ನತ್ತೆ, 8500 8ನೇದು. ಜೆಲ್ಲಿಫಿನ್ನ ವಿಎಂ ಬದಲು ಎಲ್‌ಎಕ್ಸ್‌ಸಿ ಕಂಟೇನರ್‌ನಲ್ಲಿ ಇಡಿ, ಕಂಟೇನರ್ ಹೋಸ್ಟ್‌ನ ಕರ್ನಲ್‌ನೇ ಬಳಸೋದ್ರಿಂದ ಗ್ರಾಫಿಕ್ಸ್‌ನ ಹಂಚ್ಕೋಬಹುದು, ವಿಎಂಗೆ ಪಾಸ್‌ಥ್ರೂ ಮಾಡಿ (ನೇರವಾಗಿ) ಕೊಟ್ರೆ ಆ ವಿಎಂ ಪೂರ್ತಿ ತಗೊಂಡ್ ಬಿಡತ್ತೆ.

ಕರೆಂಟ್ ಲೆಕ್ಕ ಬಿಡ್ಬೇಡಿ. ನನ್ನದು ಸುಮ್ನಿದ್ದಾಗ 40 ವಾಟ್, ತಿಂಗಳಿಗೆ 29 ಯೂನಿಟ್. ಡೇಟಾ ಸೆಂಟರ್‌ನಿಂದ ಬಂದ ಹಳೇ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಗತ್ತೆ ಅಂತ ಆಸೆ ಆಗತ್ತೆ, ಆದ್ರೆ 150 ವಾಟ್ ಅಂದ್ರೆ 108 ಯೂನಿಟ್, ಗೃಹಜ್ಯೋತಿಲಿರೋ ಮನೆ 200 ದಾಟಿದ್ರೆ ಬೆಸ್ಕಾಂಗೆ ಪೂರ್ತಿ ಬಿಲ್ ಕಟ್ಬೇಕು. ಯುಪಿಎಸ್ ಬೇಕೇ ಬೇಕು, ಏಪ್ರಿಲ್ ಮೇ ಗಾಳಿ ಮಳೇಲಿ ಒಂದೇ ಸಂಜೆ ನಾಲ್ಕ್ ಸಲ ಹೋಗಿ ಬಂದಿದ್ದಿದೆ. ಯುಎಸ್‌ಬಿ ಪೋರ್ಟ್ ಇರೋ ಯುಪಿಎಸ್ಸೇ ತಗೊಳ್ಳಿ, ನಟ್ ಅನ್ನೋ ಸಾಫ್ಟ್‌ವೇರ್ ಬ್ಯಾಟರಿ ಕಮ್ಮಿ ಆದ್ರೆ ವಿಎಂಗಳನ್ನ ತಾನೇ ಶಟ್‌ಡೌನ್ ಮಾಡತ್ತೆ.

ಇನ್ನು ಮಿರರ್ ಇದೆ ಅಂತ ಬ್ಯಾಕಪ್ ಬಿಡ್ಬೇಡಿ. ನೀವು ತಪ್ಪಿ ಅಳಿಸಿದ್ರೆ ಮಿರರ್ ಎರಡೂ ಕಡೆ ಅಳಿಸತ್ತೆ. ಸ್ನ್ಯಾಪ್‌ಶಾಟ್ (ಡೇಟಾ ಆ ಹೊತ್ತಿಗೆ ಹೇಗಿತ್ತೋ ಹಾಗೇ ಹಿಡಿದಿಡೋದು) ಇಟ್ರೆ ಅಳಿಸಿದ್ದೊಂದು ವಾಪಸ್ ಬರತ್ತೆ, ಕಳ್ಳತನ, ಸಿಡಿಲು, ಬೆಂಕಿಗೆ ಅದೂ ಇಲ್ಲ. ಸಿನಿಮಾ ಬಿಟ್ಬಿಡಿ, ಫೋಟೋ 600 ಜಿಬಿಗೆ ಮಾತ್ರ ಮೂರು ಕಾಪಿ, ಒಂದು ಬೇರೆ ಊರಲ್ಲಿ. ನಾನು ನಕಲು ಕಳಿಸೋ ಝೆಡ್‌ಎಫ್‌ಎಸ್ ಸೆಂಡ್ ಕಮ್ಯಾಂಡ್‌ನಲ್ಲಿ 2 ಟಿಬಿ ಯುಎಸ್‌ಬಿ ಡಿಸ್ಕ್‌ಗೆ ಎನ್‌ಕ್ರಿಪ್ಟ್ ಮಾಡಿ ಹಾಕಿ ಮೈಸೂರಲ್ಲಿ ಅಕ್ಕನ ಮನೆ ಬೀರುಲಿ ಇಡ್ತೀನಿ, ಆ ತರದ್ದು ಎರಡಿದೆ, ಹಬ್ಬಕ್ಕೆ ಹೋದಾಗ ಅದಲು ಬದಲು. ಹೋದ ದಸರಾಕ್ಕೆ ತಂದಿದ್ದನ್ನ ಹಾಕಿ ಪೂಲ್ ಇಂಪೋರ್ಟ್ ಮಾಡಿ ಸ್ಕ್ರಬ್ (ಎಲ್ಲಾ ಡೇಟಾ ಓದಿ ಸರಿ ಇದ್ಯಾ ಅಂತ ನೋಡೋದು) ಬಿಟ್ಟೆ, ಎರಡೂವರೆ ಗಂಟೆ ಆಯ್ತು, ಎರರ್ ಸೊನ್ನೆ. ಆಮೇಲೆ ಅದರಿಂದಾನೇ ಅಜ್ಜಿ ಹಪ್ಪಳ ಒತ್ತೋ ವಿಡಿಯೋ ತೆಗೆದು ಅಮ್ಮನಿಗೆ ಟಿವೀಲಿ ಹಾಕಿ ತೋರಿಸ್ದೆ.