ವಾಖಾವ್ ಕಣಿವೆಯನ್ನು ಓದುವ ಬಗೆ: ಬಂಡೆ, ಕಲ್ಲುಗೋಡೆ, ನದಿ

ಆಸ್ಟ್ರಿಯಾದ ಮೆಲ್ಕ್ ಮತ್ತು ಕ್ರೆಮ್ಸ್ ಪಟ್ಟಣಗಳ ನಡುವೆ ಡ್ಯಾನ್ಯೂಬ್ ನದಿ ಸುಮಾರು 35 ಕಿ.ಮೀ. ದೂರ ಇಕ್ಕಟ್ಟಾದ ಕಣಿವೆಯೊಂದರಲ್ಲಿ ಹರಿಯುತ್ತದೆ. ಇದೇ ವಾಖಾವ್. 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪರೀಕ್ಷೆಯಲ್ಲಿ ಅನೇಕರು ಇದನ್ನು ನೈಸರ್ಗಿಕ ತಾಣ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಪಟ್ಟಿಗೆ ಸೇರಿದ್ದು 2 ಮತ್ತು 4ನೇ ಮಾನದಂಡಗಳ ಅಡಿಯಲ್ಲಿ, ಸಾಂಸ್ಕೃತಿಕ ಭೂದೃಶ್ಯವಾಗಿ. ಕಣಿವೆ ಚೆಲುವಾಗಿದೆ ಎಂಬುದಲ್ಲ, ಮನುಷ್ಯರು ಅದರಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ದುಡಿದ ಗುರುತು ಇನ್ನೂ ಓದಲು ಸಿಗುತ್ತದೆ ಎಂಬುದೇ ಕಾರಣ.

ಇದರ ಜೊತೆಗೆ ಇನ್ನೆರಡು ಮನ್ನಣೆಗಳನ್ನು ಕಲೆಸಿಕೊಳ್ಳಬೇಡಿ. 1994ರಲ್ಲಿ ಸಿಕ್ಕ, ಸಂರಕ್ಷಿತ ಪ್ರದೇಶಗಳಿಗೆ ಮೀಸಲಾದ ಯುರೋಪಿಯನ್ ಡಿಪ್ಲೊಮಾವನ್ನು ಕೊಡುವುದು ಕೌನ್ಸಿಲ್ ಆಫ್ ಯುರೋಪ್, ಯುನೆಸ್ಕೋ ಅಲ್ಲ. ‘ನೈಸರ್ಗಿಕ ಸ್ಮಾರಕ’ ಎಂಬುದು ಮೂರನೆಯದು: ಒಂದೇ ಒಂದು ಮರ, ಬಂಡೆ ಅಥವಾ ಬುಗ್ಗೆಯನ್ನು ಪ್ರಾಂತೀಯ ಕಾನೂನಿನಡಿ ಕಾಪಾಡುವ ಸ್ಥಾನಮಾನ. ಮೊದಲನೆಯದು ಇಡೀ ಕಣಿವೆಗೆ, ಕೊನೆಯದು ಬಿಡಿ ವಸ್ತುವಿಗೆ.

ನದಿ ಗಟ್ಟಿ ಬಂಡೆಯನ್ನೇ ಏಕೆ ಕೊರೆಯಿತು?

ನಕ್ಷೆ ನೋಡಿದ ಕೂಡಲೇ ಏಳಬೇಕಾದ ಪ್ರಶ್ನೆ ಇದು. ದಕ್ಷಿಣಕ್ಕೆ ಆಲ್ಪ್ಸ್ ತಪ್ಪಲಿನ ಮೆತ್ತನೆಯ ಗಸಿಪದರಗಳಿವೆ. ನದಿ ಅತ್ತ ಸುಲಭವಾಗಿ ಸುತ್ತಿಹೋಗಬಹುದಿತ್ತು. ಆದರೆ ಅದು ಉತ್ತರಕ್ಕೆ ಹಬ್ಬಿದ ಹಳೆಯ ಶಿಲೆಯ ದಿಬ್ಬವಾದ ಬೊಹೀಮಿಯನ್ ಶಿಲಾರಾಶಿಯ ಗಟ್ಟಿ ಅಂಚನ್ನೇ ಸೀಳಿಕೊಂಡು ಹೋಗಿದೆ. ಒಂದು ಕಾಲದಲ್ಲಿ ಈ ಗಟ್ಟಿ ಶಿಲೆಯ ಮೇಲೆ ಮೆತ್ತನೆಯ ಗಸಿಯ ಹೊದಿಕೆ ಇತ್ತು. ನದಿ ತನ್ನ ಹಾದಿ ಹಿಡಿದದ್ದು ಆ ಹೊದಿಕೆಯ ಮೇಲೆ. ಮೇಲಿನ ಮೆದು ಹಲಗೆಯಲ್ಲಿ ಗೆರೆ ಹಿಡಿದ ಗರಗಸ ಕೆಳಗಿನ ತೇಗದ ಹಲಗೆ ಮುಟ್ಟಿದರೂ ಅದೇ ಗೆರೆಯಲ್ಲಿ ಇಳಿಯುವಂತೆ, ನದಿಯೂ ಗಟ್ಟಿ ಶಿಲೆಯೊಳಕ್ಕೆ ಇಳಿಯಿತು. ಆಮೇಲೆ ಹೊದಿಕೆ ಸವೆದುಹೋಯಿತು, ಕಣಿವೆ ಉಳಿಯಿತು. ಹೀಗೆ ಕತ್ತರಿಸಲ್ಪಟ್ಟು ಬಲದಂಡೆಯಲ್ಲಿ ಬೇರೆಯಾಗಿ ಉಳಿದ ತುಂಡೇ ಡುಂಕೆಲ್‌ಸ್ಟೈನರ್ ಕಾಡು.

ಇಲ್ಲಿನ ಮುಖ್ಯ ಶಿಲೆ ನೈಸ್: ಬಿಳಿ ಮತ್ತು ಕಪ್ಪು ಖನಿಜಗಳು ಪಟ್ಟೆಪಟ್ಟೆಯಾಗಿ ಕಾಣುವ ರೂಪಾಂತರ ಶಿಲೆ. ಬೆಂಗಳೂರಿನವರು ಇದನ್ನು ಗುರುತಿಸಲು ಲಾಲ್‌ಬಾಗಿನ ಬಂಡೆಯ ಮೇಲೆಯೇ ಅಭ್ಯಾಸ ಮಾಡಬಹುದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ಅದೂ ನೈಸ್ ಶಿಲೆಯೇ. ವಯಸ್ಸಿನಲ್ಲಿ ಮಾತ್ರ ಭಾರೀ ಅಂತರ: ನಮ್ಮದು ಸುಮಾರು 300 ಕೋಟಿ ವರ್ಷ ಹಳೆಯದು, ವಾಖಾವ್ ನೈಸ್ ಈಗಿನ ರೂಪ ಪಡೆದು ಸುಮಾರು 34 ಕೋಟಿ ವರ್ಷ.

ಬಂಡೆಯ ರೂಪ ನೋಡಲು ಮೊದಲು ಹೋಗಬೇಕಾದ್ದು ಎಡದಂಡೆಯಲ್ಲಿ, ಸ್ಪಿಟ್ಸ್ ಮತ್ತು ವಿಲೆನ್‌ಡಾರ್ಫ್ ಊರುಗಳ ನಡುವಿನ ಟಾಯ್ಫೆಲ್ಸ್‌ಮೌವರ್‌ಗೆ, ಅಂದರೆ ‘ಸೈತಾನನ ಗೋಡೆ’ಗೆ. ಇಳಿಜಾರಿನಿಂದ ನದಿಯತ್ತ ಇಳಿದುಬರುವ ಈ ಕಡಿದಾದ ಕಲ್ಲಿನ ಏಣು, ಸುತ್ತಲಿನ ದುರ್ಬಲ ಶಿಲೆ ಸವೆದುಹೋಗಿ ಗಟ್ಟಿ ಭಾಗ ಎದ್ದುನಿಂತದ್ದು. ಸೈತಾನ ನದಿಗೆ ಅಡ್ಡ ಅಣೆಕಟ್ಟು ಕಟ್ಟಲು ಹೊರಟ, ಕೋಳಿ ಕೂಗಿ ಕೆಲಸ ಕೆಟ್ಟಿತು ಎಂಬುದು ಸ್ಥಳೀಯ ಕಥೆ. 1909ರಲ್ಲಿ ತೆರೆದ ರೈಲುಮಾರ್ಗ ಈ ಏಣನ್ನು ಬಹಳ ಪುಟ್ಟ ಸುರಂಗದಲ್ಲಿ ದಾಟುತ್ತದೆ.

ಎರಡು ಮಣ್ಣು, ಎರಡು ದ್ರಾಕ್ಷಿ

ಹಿಮಯುಗದ ಗಾಳಿ ಹೊತ್ತು ತಂದ ಹಳದಿ ಧೂಳು ಗಾಳಿಮರೆಯ ಇಳಿಜಾರುಗಳಲ್ಲಿ ದಪ್ಪವಾಗಿ ಕೂತಿದೆ. ಇದು ಲೋಯಸ್. ಸುಣ್ಣದ ಅಂಶ ಹೆಚ್ಚು, ನೀರು ಹಿಡಿದಿಡುತ್ತದೆ. ಗ್ರ್ಯೂನರ್ ವೆಲ್ಟ್‌ಲೀನರ್ ಎಂಬ ವೈನ್ ದ್ರಾಕ್ಷಿ ತಳಿಗೆ ಇದು ಹಿತ. ಮೇಲೆ, ಕಡಿದಾದ ಇಳಿಜಾರಿಗೆ ಕಲ್ಲುಗೋಡೆ ಕಟ್ಟಿ ಮಾಡಿದ ಮೆಟ್ಟಿಲು ತೋಟಗಳಲ್ಲಿ ನೈಸ್ ಸವೆದಾದ ತೆಳುಮಣ್ಣು; ನೀರು ಬೇಗ ಬಸಿದುಹೋಗುತ್ತದೆ, ಅಲ್ಲಿ ರೀಸ್ಲಿಂಗ್ ತಳಿ. ಬೇಸಿಗೆಯಲ್ಲಿ ಮೊದಲು ಒಣಗುವುದೂ ಈ ಮೇಲಿನ ತೋಟಗಳೇ, ಆದ್ದರಿಂದಲೇ ಹನಿ ನೀರಾವರಿ ಕೊಳವೆಗಳು ಕಾಣುತ್ತವೆ. ಬೆರಳಲ್ಲಿ ಉಜ್ಜಿ ನೋಡಿ: ಲೋಯಸ್ ಹಿಟ್ಟಿನಷ್ಟು ನುಣುಪು, ವಿನೆಗರ್ ಹನಿಸಿದರೆ ಸಣ್ಣಗೆ ನೊರೆ ಬರುತ್ತದೆ. ನೈಸ್ ಮಣ್ಣು ತರಿತರಿಯಾಗಿದ್ದು ಅಭ್ರಕದ ಚೂರು ಮಿನುಗುತ್ತದೆ, ಸಾಮಾನ್ಯವಾಗಿ ನೊರೆ ಇಲ್ಲ. ಇದಕ್ಕೆ ದಾರಿಯಲ್ಲಿ ಉದುರಿದ ಚಿಟಿಕೆ ಮಣ್ಣು ಸಾಕು. ತೋಟದಲ್ಲಿ ಅಗೆಯಬಾರದು.

ಲೋಯಸ್‌ನ ಇನ್ನೊಂದು ಕೊಡುಗೆ ‘ವಿಲೆನ್‌ಡಾರ್ಫ್‌ನ ವೀನಸ್’. 1908ರ ಆಗಸ್ಟ್ 7ರಂದು ಉತ್ಖನನದಲ್ಲಿ ಸಿಕ್ಕ, ಸುಮಾರು 11 ಸೆಂ.ಮೀ. ಎತ್ತರದ ಸ್ತ್ರೀ ಮೂರ್ತಿ. ವಯಸ್ಸು ಸುಮಾರು 29,500 ವರ್ಷ. ಧೂಳು ಪದರಪದರವಾಗಿ ಮುಚ್ಚಿದ್ದರಿಂದ ಅದು ಉಳಿಯಿತು. ಆದರೆ ಮೂರ್ತಿಯ ಕಲ್ಲು ಸಣ್ಣ ದುಂಡು ಕಾಳುಗಳಿಂದಾದ ಊಲಿಟಿಕ್ ಸುಣ್ಣಕಲ್ಲು, ಈ ಕಣಿವೆಯದಲ್ಲ. 2022ರ ಅಧ್ಯಯನವೊಂದು ಉತ್ತರ ಇಟಲಿಯನ್ನು ಅದರ ಸಂಭವನೀಯ ಮೂಲವೆಂದು ಸೂಚಿಸಿತು. ಮೂಲ ಮೂರ್ತಿ ವಿಯೆನ್ನಾದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ವಿಲೆನ್‌ಡಾರ್ಫ್‌ನಲ್ಲಿ ಕಾಣುವುದು ಪ್ರತಿಕೃತಿ.

ಗಾರೆಯಿಲ್ಲದ ಗೋಡೆ

ಕಣಿವೆಯ ಜೀವಾಳ ಇದು; ಕೋಟೆ ಮಠಗಳಿಗಿಂತ ಹೆಚ್ಚು ಹೊತ್ತು ಇಲ್ಲಿ ನಿಲ್ಲಬೇಕು. ಕ್ರಿ.ಶ. 800ರ ಸುಮಾರಿಗೆ ಬವೇರಿಯಾ ಮತ್ತು ಸಾಲ್ಸ್‌ಬುರ್ಗ್‌ನ ಮಠಗಳು ಕಾಡು ಕಡಿಸಿ ಬೇಸಾಯ ಶುರುಮಾಡಿದಾಗಿನಿಂದ ಇಳಿಜಾರನ್ನು ಮೆಟ್ಟಿಲಾಗಿಸುವ ಕೆಲಸ ನಡೆದಿದೆ. ಸಿಮೆಂಟಿಲ್ಲ, ಸುಣ್ಣವಿಲ್ಲ. ಗೋಡೆ ನಿಲ್ಲುವುದು ಕಲ್ಲಿನ ತೂಕದಿಂದ, ವಾಲಿಕೆಯಿಂದ, ಒಳಗಿನಿಂದ ನೀರು ಹೊರಬರುವ ಸಂದುಗಳಿಂದ.

ಅತಿದೊಡ್ಡ ಕಲ್ಲುಗಳು ಬುಡಕ್ಕೆ, ಗುಡ್ಡದ ಕಡೆಗೆ ತುಸು ಇಳಿಜಾರಾಗಿ. ಗೋಡೆ ಮೇಲೇರಿದಂತೆ ಪ್ರತಿ ಮೀಟರಿಗೆ 10ರಿಂದ 20 ಸೆಂ.ಮೀ. ಹಿಂದಕ್ಕೆ ವಾಲಬೇಕು. ಬುಡದ ದಪ್ಪ ಎತ್ತರದ ಮೂರನೇ ಒಂದರಷ್ಟಾದರೂ ಇರಬೇಕು, ಅಂದರೆ 2 ಮೀಟರ್ ಗೋಡೆಗೆ ಸುಮಾರು 70 ಸೆಂ.ಮೀ. ಮೇಲಿನ ಕಲ್ಲು ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಕೂರಬೇಕು. ಸಂದುಗಳು ನೇರ ಸಾಲಾದರೆ ಗೋಡೆ ಅಲ್ಲೇ ಸೀಳುತ್ತದೆ. ನಡುನಡುವೆ ಉದ್ದದ ಕಲ್ಲನ್ನು ಮುಖದಿಂದ ಒಳಕ್ಕೆ ಚಾಚಿ ಬಿಗಿ ಕೊಡುತ್ತಾರೆ. ಹಿಂದೆ ಚೂರುಕಲ್ಲಿನ ತುಂಬು: ಇದು ಗೋಡೆಯ ಚರಂಡಿ.

ಕೆಡುವುದೂ ಇಲ್ಲಿಂದಲೇ. ಮಣ್ಣು ಜಾರಿ ಚೂರುಕಲ್ಲಿನ ಸಂದು ತುಂಬಿದರೆ ಮಳೆನೀರು ಗೋಡೆಯ ಹಿಂದೆ ನಿಂತು ಒತ್ತುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಇನ್ನಷ್ಟು ತಳ್ಳುತ್ತದೆ. ಗೋಡೆಯ ಹೊಟ್ಟೆ ಉಬ್ಬುವುದು ಮೊದಲ ಲಕ್ಷಣ. ಉಬ್ಬಿದ ಕಡೆ ಸಿಮೆಂಟ್ ಮೆತ್ತುವುದು ಅತ್ಯಂತ ಕೆಟ್ಟ ದುರಸ್ತಿ. ಉಳಿದಿದ್ದ ನೀರಿನ ದಾರಿಯೂ ಮುಚ್ಚಿ, ತೇಪೆಯ ಪಕ್ಕದಲ್ಲೇ ಗೋಡೆ ಒಡೆಯುತ್ತದೆ. ಸರಿಯಾದ ಕ್ರಮವೆಂದರೆ ಉಬ್ಬಿದ ಭಾಗವನ್ನು ಬುಡದವರೆಗೆ ಬಿಚ್ಚಿ, ಕಲ್ಲನ್ನು ಗಾತ್ರದಂತೆ ವಿಂಗಡಿಸಿ, ತುಂಬನ್ನು ಶುಚಿಮಾಡಿ ಮತ್ತೆ ಕಟ್ಟುವುದು. ಬೇಸಾಯ ನಿಂತ ಮೆಟ್ಟಿಲಿನಲ್ಲಿ ಪೊದೆಯ ಬೇರು ಇದೇ ಹಾನಿಯನ್ನು ನಿಧಾನವಾಗಿ ಮಾಡುತ್ತದೆ. ಗೋಡೆಯ ಬೆಚ್ಚನೆಯ ಸಂದುಗಳಲ್ಲಿ ಪಚ್ಚೆಹಲ್ಲಿ ಬದುಕುತ್ತದೆ. ಇಲ್ಲಿನ ಅತ್ಯಂತ ಪಕ್ವ ದ್ರಾಕ್ಷಿಯ, ಕನಿಷ್ಠ 12.5% ಆಲ್ಕೋಹಾಲಿನ ವೈನ್ ದರ್ಜೆಗೆ ‘ಸ್ಮರಾಗ್ಡ್’ ಎಂದು ಇಟ್ಟಿರುವುದು ಈ ಹಲ್ಲಿಯ ಹೆಸರನ್ನೇ. ಗೋಡೆ ಉಳಿಯಬೇಕಾದರೆ ತೋಟ ನಡೆಯಬೇಕು, ತೋಟ ನಡೆಯಬೇಕಾದರೆ ಕೈಕೆಲಸದ ಖರ್ಚನ್ನು ವೈನಿನ ಬೆಲೆ ಹೊರಬೇಕು. ಸಂರಕ್ಷಣೆಯ ಬಗ್ಗೆ ಉತ್ತರ ಬರೆಯುವಾಗ ಈ ಸರಪಳಿಯನ್ನು ಬಿಡಬೇಡಿ.

ಹರಿಯುವ ನೀರು

ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ಅಣೆಕಟ್ಟುಗಳ ಅಡ್ಡಿಯಿಲ್ಲದೆ ಹರಿಯುವುದು ಎರಡೇ ಕಡೆ: ವಾಖಾವ್‌ನಲ್ಲಿ ಮತ್ತು ವಿಯೆನ್ನಾದ ಪೂರ್ವಕ್ಕೆ. ಇಲ್ಲಿಯೂ ಜಲವಿದ್ಯುತ್ ಯೋಜನೆಯ ಪ್ರಸ್ತಾಪ ಇತ್ತು. 1970ರ ದಶಕದಿಂದ ಬೆಳೆದ ಜನರ ವಿರೋಧ ಅದನ್ನು ತಡೆಯಿತು. ಹರಿವು ಉಳಿದದ್ದರ ಪುರಾವೆ ಸ್ಪಿಟ್ಸ್ ಮತ್ತು ಆರ್ನ್ಸ್‌ಡಾರ್ಫ್ ನಡುವಿನ ದೋಣಿ. ನದಿಗೆ ಅಡ್ಡಲಾಗಿ ಉಕ್ಕಿನ ಹಗ್ಗ. ದೋಣಿಯನ್ನು ಅದಕ್ಕೆ ತೂಗುಹಾಕಿ ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದರೆ ನೀರಿನ ತಳ್ಳುವಿಕೆಯ ಒಂದು ಪಾಲು ಅದನ್ನು ಪಕ್ಕಕ್ಕೆ ಸಾಗಿಸುತ್ತದೆ. ಮರಳುವಾಗ ಓರೆಯನ್ನು ಬದಲಿಸಿದರೆ ಸಾಕು. ನೀರು ನಿಂತರೆ ದೋಣಿ ನಿಲ್ಲುತ್ತದೆ, ನೆರೆ ಬಂದರೂ ಓಡಿಸುವುದಿಲ್ಲ.

ಕಟ್ಟಡಗಳು, ಹೋಗುವ ಕ್ರಮ

ಮೆಲ್ಕ್ ಮಠ 1089ರಿಂದ ಬೆನೆಡಿಕ್ಟೀನ್ ಪಂಥದ ಕ್ರೈಸ್ತ ಸನ್ಯಾಸಿಗಳದ್ದು. ಈಗಿನ ಬರೋಕ್ ಕಟ್ಟಡ 1702ರಿಂದ 1736ರ ನಡುವೆ ಎದ್ದದ್ದು, ವಾಸ್ತುಶಿಲ್ಪಿ ಯಾಕೊಬ್ ಪ್ರಾಂಟಾವರ್. ಡ್ಯೂರ್ನ್‌ಸ್ಟೈನ್ ಕೋಟೆಯಲ್ಲಿ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್ 1192–93ರ ಚಳಿಗಾಲದಲ್ಲಿ ಸೆರೆಯಲ್ಲಿದ್ದ. 1645ರಲ್ಲಿ ಸ್ವೀಡಿಷ್ ಸೈನ್ಯ ಅದನ್ನು ಹಾಳುಗೆಡವಿತು. ಊರಿಂದ ಕೋಟೆಗೆ ಸುಮಾರು ಅರ್ಧ ಗಂಟೆಯ ಏರು. ಮೇಲಿಂದ ಎರಡೂ ದಂಡೆ ಹೋಲಿಸಿ: ಬಿಸಿಲಿಗೆ ಮುಖಮಾಡಿದ ಎಡದಂಡೆಯಲ್ಲಿ ದಟ್ಟವಾದ ಮೆಟ್ಟಿಲುಗಳು, ಎದುರಿನ ನೆರಳಿನ ಇಳಿಜಾರಿನಲ್ಲಿ ಕಾಡು.

ದೋಣಿಯಲ್ಲಿ ಹೋಗುವವರು ಮೆಲ್ಕ್‌ನಿಂದ ಕ್ರೆಮ್ಸ್‌ಗೆ ಹೊರಡಲಿ. ಎದುರು ಪ್ರವಾಹದಲ್ಲಿ ಹೆಚ್ಚುಕಮ್ಮಿ ಇಮ್ಮಡಿ ಹೊತ್ತು ಬೇಕು. ಮರಳಲು ಎಡದಂಡೆಯ ರೈಲು ಒಳ್ಳೆಯದು, ಹಳಿ ರಸ್ತೆಗಿಂತ ಎತ್ತರದಲ್ಲಿರುವುದರಿಂದ ಗೋಡೆಗಳು ಹತ್ತಿರದಿಂದ ಕಾಣುತ್ತವೆ. ಚಳಿಗಾಲದಲ್ಲಿ ದೋಣಿ ಸಾಮಾನ್ಯವಾಗಿ ನಿಲ್ಲುತ್ತದೆ. ನಡೆಯುವವರಿಗೆ 180 ಕಿ.ಮೀ. ಉದ್ದದ ವಿಶ್ವ ಪರಂಪರೆ ಹಾದಿ 14 ಹಂತಗಳಲ್ಲಿದೆ. ಒಂದೇ ದಿನವಿದ್ದರೆ ವೈಸೆನ್‌ಕಿರ್ಷೆನ್‌ನಿಂದ ಡ್ಯೂರ್ನ್‌ಸ್ಟೈನ್‌ವರೆಗಿನ ಮೆಟ್ಟಿಲು ತೋಟಗಳ ದಾರಿ ಹಿಡಿಯಿರಿ. ಗೋಡೆಗಳನ್ನು ಹತ್ತಬೇಡಿ, ಮೇಲಿನ ಸಾಲಿನ ಕಲ್ಲು ಕದಲಿದರೆ ಮುಂದಿನ ಮಳೆಗೆ ಅದರ ಕೆಳಗಿನವೂ ಜಾರುತ್ತವೆ.